ನಮ್ಮ ಟ್ರ್ಯಾಕ್ಟರಿನ ಮಿಸ್ಸಿಂಗ್

ಮೊನ್ನೆ ಗ್ಯಾಸಿನ ಪುಸ್ತಕ ಹುಡುಕುತ್ತಿದ್ದಾಗ ಬೀರುವಿನ ಮೇಲಿನ ಖಾನೆಯಿಂದ ನೂರು ಪುಟದ ಒಂದು ನೋಟ್‌ಬುಕ್ ಕೈಗೆ ಬಂತು. ರಟ್ಟಿನ ಮೇಲೆ ಎಣ್ಣೆಯ ಹೆಬ್ಬೆರಳ ಗುರುತು. ಒಳಗೆ ನನ್ನದೇ ದುಂಡು ಅಕ್ಷರ: "ಸೋಮವಾರ. ಹೊರಟದ್ದು ಎಂಟು ಹತ್ತಕ್ಕೆ. ಎಂಟೂವರೆಗೆ ತೊದಲು ಶುರು. ಹೊಗೆ ಬಿಳಿ. ಜಾಗ, ಚರ್ಚಿನ ತಿರುವು." ಬೇರೆ ಯಾರಾದರೂ ಓದಿದ್ದರೆ ಈ ಹೆಂಗಸು ಯಾರನ್ನೋ ಬೆನ್ನಟ್ಟಿ ಹೋಗಿದ್ದಾಳೆ ಅಂದುಕೊಳ್ಳುತ್ತಿದ್ದರು. ಬೆನ್ನಟ್ಟಿದ್ದು ನಿಜ. ಆದರೆ ಮನುಷ್ಯರನ್ನಲ್ಲ, ನಮ್ಮ ಟ್ರ್ಯಾಕ್ಟರನ್ನು. ಗ್ಯಾಸಿನ ಪುಸ್ತಕದ ಹುಡುಕಾಟ ಅಲ್ಲಿಗೇ ನಿಂತಿತು. ಒಲೆಯ ಮೇಲೆ ಇಟ್ಟಿದ್ದ ಹಾಲೂ ಉಕ್ಕಿತು, ಅದಿರಲಿ.

ಕೃಷ್ಣರಾಜಪುರದ ಪಕ್ಕದಲ್ಲಿ ನಮ್ಮದೊಂದು ಊರಿತ್ತು. ಈಗಲೂ ಇದೆ, ಆದರೆ ಅದು ಊರು ಎಂದು ಗೊತ್ತಾಗಬೇಕಾದರೆ ಹಳೆಯ ಅರಳಿಕಟ್ಟೆಯವರೆಗೆ ಬರಬೇಕು. ಉಳಿದದ್ದೆಲ್ಲ ಪಿಜಿಗಳು, ಬೇಕರಿಗಳು, ಅಡ್ಡ ರಸ್ತೆಗಳು. ನಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಮೂರು ಸಾಲು ಬಾಡಿಗೆ ಮನೆಗಳಿವೆ. ನಾನು ಮದುವೆಯಾಗಲಿಲ್ಲ. ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿ, ತಮ್ಮ ಮುನಿರಾಜುವಿನ ಮನೆಯ ಮಹಡಿಯಲ್ಲಿ ಇದ್ದೇನೆ. ಹೊಲ ಹೋದರೂ ಅಪ್ಪನ ಕಾಲದ ಟ್ರ್ಯಾಕ್ಟರು ಮಾತ್ರ ಉಳಿದಿದೆ. ಮೊದಲು ಕೆಂಪಗಿತ್ತು, ಈಗ ಒಣಗಿದ ಮೆಣಸಿನಕಾಯಿಯ ಬಣ್ಣ. ನೇಗಿಲು ಕಳಚಿ ಹಿಂದೆ ನೀರಿನ ಟ್ಯಾಂಕರ್ ಕಟ್ಟಿದ್ದೇವೆ. ನಮ್ಮ ಬೋರ್‌ವೆಲ್ ನೀರನ್ನು ಅದು ರಾಮಮೂರ್ತಿ ನಗರದ ಮನೆಗಳಿಗೆ ಹಂಚಿ ಬರುತ್ತದೆ.

ಅದನ್ನು ಓಡಿಸುವವನು ಶರಣಪ್ಪ. ಯಾದಗಿರಿ ಕಡೆಯವನು, ನಲವತ್ತರ ಆಸುಪಾಸು. ಹೆಂಡತಿ ಮಾದೇವಿಯ ಜೊತೆ ನಮ್ಮ ಬಾಡಿಗೆ ಮನೆಗಳ ಮೂರನೆಯ ಸಾಲಿನಲ್ಲಿ ಇದ್ದಾನೆ. ಬಂದ ಹೊಸದರಲ್ಲಿ ನನ್ನನ್ನು "ಅಕ್ಕೋರೇ" ಎಂದು ಕರೆದಾಗ, ಪರವಾಗಿಲ್ಲ, ಬೇಗ ಅಕ್ಕ ಅಂತ ಹತ್ತಿರ ಮಾಡಿಕೊಂಡ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವನು ನನ್ನನ್ನು ಹತ್ತಿರ ಮಾಡಿಕೊಂಡಿರಲಿಲ್ಲ, ಕೈಕಟ್ಟಿ ದೂರ ನಿಂತಿದ್ದ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಶರಣಪ್ಪ ಟ್ಯಾಂಕರ್ ತುಂಬಿಸಿಕೊಂಡು ಹೋದವನು ನಡೆದುಕೊಂಡು ವಾಪಸ್ ಬಂದ. "ಗಾಡಿ ಮಿಸ್ಸಿಂಗ್ ಹೊಡಿಲಾಕತ್ತಾದ್ರಿ" ಎಂದ.

ಗಾಡಿಯೇ ಕಾಣೆಯಾಯಿತೇನೋ ಎಂದು ನಾನು ಹೌಹಾರಿದೆ. ಹಾಗಲ್ಲವಂತೆ. ಮೂರು ಸಿಲಿಂಡರು ಒಂದರ ಹಿಂದೊಂದು ಸರಿಯಾಗಿ ಉರಿಯಬೇಕು. ನಡುವೆ ಒಂದು ಉರಿಯದೆ ತಪ್ಪಿಸಿಕೊಂಡರೆ ಇಂಜಿನ್ನು ಕುಂಟುತ್ತದೆ, ತೊದಲುತ್ತದೆ, ಇಡೀ ಮೈ ಅದುರುತ್ತದೆ. ಅದಕ್ಕೆ ಮಿಸ್ಸಿಂಗ್ ಅನ್ನುತ್ತಾರೆ. ನನಗೆ ತಕ್ಷಣ ಅರ್ಥವಾಯಿತು. ತರಗತಿಯಲ್ಲಿ ಹಾಜರಿ ಕೂಗುವಾಗ ಯಾರೋ ಒಬ್ಬರು "ಎಸ್ ಮಿಸ್" ಅನ್ನದೆ ಸುಮ್ಮನೆ ಕೂತುಬಿಡುವುದು. ಗೈರುಹಾಜರಿ ಕಂಡುಹಿಡಿಯುವುದರಲ್ಲೇ ನನ್ನ ಆಯುಷ್ಯ ಕಳೆದಿದೆ.

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ನಾಲ್ಕು ಹೊಡೆತದ ಇಂಜಿನ್ನಿನ ಚಿತ್ರವನ್ನು ನಾನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಎಳೆತ, ಒತ್ತಡ, ಶಕ್ತಿ, ವಿಸರ್ಜನೆ. ಬಾಣದ ಗುರುತುಗಳಿಗೆ ಕೆಂಪು ಸೀಮೆಸುಣ್ಣ, ಹೊಗೆಗೆ ನೀಲಿ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೆ ಬಿಚ್ಚಿದ ಇಂಜಿನ್ನನ್ನು ಒಮ್ಮೆಯೂ ನೋಡಿರಲಿಲ್ಲ. ನಾನು ಪಿಯುಸಿ ಓದುವಾಗ ಈ ಟ್ರ್ಯಾಕ್ಟರು ಮನೆಗೆ ಬಂತು. ಮಡ್‌ಗಾರ್ಡ್ ಮೇಲೆ ಕೂತು ಕಂಬಿ ಹಿಡಿದುಕೊಂಡು ಬಾಯಿ ತೆರೆದು "ಆ" ಎಂದರೆ ಸ್ವರ ತುಂಡುತುಂಡಾಗಿ ಹೊರಗೆ ಬರುತ್ತಿತ್ತು. ನಾನೂ ತಮ್ಮನೂ ಹೊಲದ ಉದ್ದಕ್ಕೂ ಹಾಗೆ ಅರಚುತ್ತಿದ್ದೆವು. ಆದರೆ ಅಪ್ಪ ಬಾನೆಟ್ ಎತ್ತಿದಾಗ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಲ್ಲುವ ಅಧಿಕಾರ ಮುನಿರಾಜುವಿಗೆ ಮಾತ್ರ. ನಾನು ತಲೆ ಹಾಕಿ "ಅದ್ಯಾಕಪ್ಪ ಅಲ್ಲಿ ಪೈಪು?" ಎಂದರೆ, "ಒಳಗೆ ಹೋಗಿ ಓದ್ಕೊ ಹೋಗಮ್ಮ" ಎನ್ನುತ್ತಿದ್ದರು. ನಾನು ಒಳಗೆ ಹೋಗಿ ಇಂಜಿನ್ನಿನ ಬಗ್ಗೆ ಓದಿಕೊಳ್ಳುತ್ತಿದ್ದೆ.

ಹೀಗಾಗಿ ಅಂದು ಶರಣಪ್ಪ ಮಿಸ್ಸಿಂಗ್ ಅಂದಾಗ ನನಗೆ ಬೇಸರಕ್ಕಿಂತ ಒಂದು ಥರದ ಹಿಗ್ಗೇ ಆಯಿತು. ನಿವೃತ್ತಿಯಾದ ಮೇಲೆ ನನ್ನ ಮುಂದೆ ಒಂದು ಒಳ್ಳೆಯ ಪ್ರಶ್ನೆ ಬಂದಿದ್ದು ಅದೇ ಮೊದಲು.

ಮೊದಲು ಸ್ಟೇಷನ್ ರಸ್ತೆಯ ಮೆಕ್ಯಾನಿಕ್ ಒಬ್ಬ ಬಂದ. ಡೀಸೆಲ್ ಫಿಲ್ಟರ್ ಬದಲಾಯಿಸಿದ. ಪೈಪಿನೊಳಗೆ ಗಾಳಿ ಸೇರಿದೆ ಎಂದು ಒಂದು ಬೋಲ್ಟು ಸಡಿಲಿಸಿ, ಸಣ್ಣ ಲಿವರನ್ನು ಕೈಯಲ್ಲಿ ಒತ್ತಿ ಒತ್ತಿ, ನೊರೆ ನೊರೆಯಾಗಿ ಬರುತ್ತಿದ್ದ ಡೀಸೆಲ್ಲು ನೊರೆಯಿಲ್ಲದೆ ಬರುವವರೆಗೆ ಬಿಟ್ಟ. ಸ್ಟಾರ್ಟ್ ಮಾಡಿದರೆ ಟ್ರ್ಯಾಕ್ಟರು ಹಳೆಯ ಹಾಗೆ ಗಂಭೀರವಾಗಿ ಗುಡುಗಿತು. ಎಲ್ಲರಿಗೂ ಸಮಾಧಾನ. ಮಾರನೆಯ ದಿನ ಅದೇ ಕತೆ. ಮತ್ತೆ ಬಂದು ಮತ್ತೊಂದು ಕಡೆ ಬಿಗಿ ಮಾಡಿದ. ಮತ್ತೆ ಸರಿಹೋಯಿತು, ಮತ್ತೆ ಕೆಟ್ಟಿತು. ಮೂರನೆಯ ಸಲ ಕರೆದಾಗ ಅವನು ಫೋನು ಎತ್ತಲಿಲ್ಲ.

ಆಗ ನಾನು ನೋಟ್‌ಬುಕ್ ತೆಗೆದೆ. ಶರಣಪ್ಪ ವಾಪಸ್ ಬಂದ ಕೂಡಲೇ ನಾನು ಗೇಟಿನಲ್ಲಿ ನಿಂತಿರುತ್ತಿದ್ದೆ. ಎಷ್ಟು ಗಂಟೆಗೆ ಹೊರಟೆ, ಎಷ್ಟು ಗಂಟೆಗೆ ಕೆಟ್ಟಿತು, ಹೊಗೆ ಯಾವ ಬಣ್ಣ, ಟ್ಯಾಂಕರ್ ತುಂಬಿತ್ತೋ ಖಾಲಿಯೋ, ಡೀಸೆಲ್ ಎಷ್ಟಿತ್ತು. ಪಾಪ, ಅವನು ಬೆವರು ಒರೆಸಿಕೊಳ್ಳುತ್ತ ಮೌಖಿಕ ಪರೀಕ್ಷೆಗೆ ನಿಂತವನಂತೆ ಉತ್ತರ ಹೇಳುತ್ತಿದ್ದ.

"ಹೊಗೆ ಬಿಳಿನೋ ಕಪ್ಪೋ ಶರಣಪ್ಪ?"

"ಬಿಳಿ ಅಂದ್ರ ಬಿಳಿ ಅಲ್ರೀ ಅಕ್ಕೋರೇ. ತೊಳದ ಧೋತ್ರದಂಗ ಅಲ್ಲ. ಅಕ್ಕಿ ತೊಳದ ನೀರಿನಂಗ."

ಅದನ್ನೂ ಹಾಗೆಯೇ ಬರೆದುಕೊಂಡೆ.

ಎರಡು ವಾರದ ಹೊತ್ತಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕೆಡುವ ಜಾಗ ದಿನವೂ ಬೇರೆ. ಆದರೆ ಟ್ಯಾಂಕು ತುಂಬ ಡೀಸೆಲ್ ಹಾಕಿಸಿದ ದಿನ ಇಂಜಿನ್ನು ಅರ್ಧ ಗಂಟೆಯೊಳಗೇ ತೊದಲುತ್ತಿತ್ತು. ಡೀಸೆಲ್ ತಳದಲ್ಲಿದ್ದ ದಿನ ಎರಡು ಗಂಟೆ ಓಡಿದರೂ ಏನೂ ಆಗುತ್ತಿರಲಿಲ್ಲ. ಹೊಟ್ಟೆ ತುಂಬಿದಾಗ ಸುಸ್ತು, ಹಸಿದಾಗ ಚುರುಕು. ಇದನ್ನು ನಾನು ಬಹಳ ಉತ್ಸಾಹದಿಂದ ರಾತ್ರಿ ಊಟದ ಹೊತ್ತಿಗೆ ಮುನಿರಾಜುವಿಗೆ ಹೇಳಿದೆ. ಹೇಳಬಾರದಿತ್ತು.

ಅವನು ತುತ್ತು ಅಲ್ಲಿಯೇ ಬಿಟ್ಟು ನನ್ನನ್ನು ನೋಡಿದ. "ಅಂದ್ರೆ ಡೀಸೆಲ್ ಹಾಕ್ಸಿದ ತಕ್ಷಣ ಕೆಡುತ್ತೆ."

"ಹೂಂ, ಅದೇ ವಿಚಿತ್ರ."

"ಏನ್ ವಿಚಿತ್ರ ಅಕ್ಕ? ಡೀಸೆಲ್ ಹಾಕ್ಸೋಕೆ ಹೋಗೋದು ಯಾರು? ಅವ್ನೇ. ದಾರೀಲಿ ಸ್ವಲ್ಪ ಇಳಿಸ್ಕೊಂಡು ಅದರ ಬದ್ಲು ಸೀಮೆಎಣ್ಣೆನೋ ಇನ್ನೇನೋ ಸುರೀತಾನೆ. ನೀನೇ ಲೆಕ್ಕ ಬರ್ದು ತೋರಿಸ್ತಿದೀಯ, ಇನ್ನೇನ್ ಬೇಕು?"

ನಾನು ಹಾಗಿರಲಾರದು ಎಂದೆ. ಆದರೆ ನನ್ನ ದನಿಯಲ್ಲಿ ಬಲವಿರಲಿಲ್ಲ ಎಂದು ಈಗ ಒಪ್ಪಿಕೊಳ್ಳಬೇಕು. ಯಾಕೆಂದರೆ ಅವನ ತರ್ಕ ನನ್ನದೇ ಕೋಷ್ಟಕದಿಂದ ಹುಟ್ಟಿತ್ತು, ಮತ್ತು ತಪ್ಪು ಎಲ್ಲಿದೆ ಎಂದು ನನಗೆ ತೋರಿಸಲಾಗಲಿಲ್ಲ. ಮಾರನೆಯ ದಿನದಿಂದ ಮುನಿರಾಜು ಬೆಳಿಗ್ಗೆ ಶೆಡ್ಡಿಗೆ ಹೋಗಿ, ಶರಣಪ್ಪನ ಕೈಯಲ್ಲಿ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಸಿ, ಬಗ್ಗಿ ಮೂಸಿ ನೋಡತೊಡಗಿದ. ಏನೂ ಹೇಳುತ್ತಿರಲಿಲ್ಲ, ಮೂಸಿ ಬರುತ್ತಿದ್ದ. ಒಂದು ವಾರ ನೋಡಿ, ಟ್ರ್ಯಾಕ್ಟರನ್ನು ಗುಜರಿಗೆ ಹಾಕಿ, ನೀರಿನ ಕೆಲಸವನ್ನು ಲಾರಿಯವರಿಗೆ ವಹಿಸಿ, ಶರಣಪ್ಪನಿಗೆ ಮನೆ ಖಾಲಿ ಮಾಡಲು ಹೇಳುವುದೆಂದು ತೀರ್ಮಾನಿಸಿದ. ಮಾದೇವಿ ಆಗಷ್ಟೇ ಕುಕ್ ಟೌನಿನ ಎರಡು ಮನೆಗಳಲ್ಲಿ ಅಡುಗೆ ಕೆಲಸ ಹಿಡಿದು ನೆಲೆ ಕಾಣುತ್ತಿದ್ದಳು.

ನಾನು ಒಂದು ವಾರ ಅವಕಾಶ ಕೇಳಿದೆ, ಶಿವಾಜಿನಗರದಿಂದ ಬಾಷಾ ಸಾಹೇಬರನ್ನು ಕರೆಸಿದೆ. ಅಪ್ಪನ ಕಾಲದಲ್ಲಿ ಈ ಟ್ರ್ಯಾಕ್ಟರಿಗೆ ಅವರೇ ವೈದ್ಯರು. ಎಪ್ಪತ್ತು ದಾಟಿದೆ, ಕಣ್ಣಿಗೆ ದಪ್ಪ ಕನ್ನಡಕ, ಕಿವಿ ಮಾತ್ರ ಇನ್ನೂ ಚುರುಕು. ಸ್ಕೂಟರ್ ನಿಲ್ಲಿಸಿ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಅಂಗೈ ಇಟ್ಟು, "ಇನ್ನೂ ಇದ್ದೀಯಾ ನೀನು" ಎಂದರು. ಅವರು ಉಪಕರಣ ಹೊರಗೆ ತೆಗೆಯುತ್ತಿರುವಾಗಲೇ ಶರಣಪ್ಪ ಮುಚ್ಚಳ ಬಿಚ್ಚಿ ಡೀಸೆಲ್ ತೋರಿಸಿದ. ಅವರು ಎರಡು ಬೆರಳಿಗೆ ಹಚ್ಚಿಕೊಂಡು ಉಜ್ಜಿ, "ಮಾಲ್ ಚೆನ್ನಾಗಿದೆ" ಎಂದರು. ಮುನಿರಾಜು ಅಲ್ಲಿ ಇರಲಿಲ್ಲ. ಇದ್ದಿದ್ದರೂ ನಂಬುತ್ತಿದ್ದನೋ ಇಲ್ಲವೋ.

ಆಮೇಲೆ ಇಂಜಿನ್ನು ಓಡುತ್ತಿರುವಾಗಲೇ ಅವರು ಒಂದು ಪರೀಕ್ಷೆ ಮಾಡಿದರು. ಪ್ರತಿ ಸಿಲಿಂಡರಿಗೂ ಡೀಸೆಲ್ ಚಿಮ್ಮಿಸುವ ನಾಜಲ್ ಎಂಬುದಿದೆ, ಅದಕ್ಕೊಂದು ಸಣ್ಣ ಪೈಪು. ಆ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುವುದು. ಸಡಿಲಿಸಿದಾಗ ಸದ್ದು ಕುಂಟಿದರೆ ಆ ಸಿಲಿಂಡರು ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ಬದಲಾಗದಿದ್ದರೆ ಅದೇ ಕಳ್ಳ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕೈಗೆ ಉದ್ದನೆಯ ಸ್ಕ್ರೂಡ್ರೈವರ್ ಕೊಟ್ಟು, ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಳ್ಳಲು ಹೇಳಿದರು. ಒಳಗಿಂದ ಟಕ್ ಟಕ್ ಎಂದು, ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಆ ಕ್ಷಣಕ್ಕೆ ನನಗೆ ಶರಣಪ್ಪನೂ ನೆನಪಿರಲಿಲ್ಲ, ತಮ್ಮನೂ ನೆನಪಿರಲಿಲ್ಲ. ಬೋರ್ಡಿನ ಮೇಲೆ ಬರೆದ ಅಷ್ಟೂ ಬಾಣಗಳು ಒಳಗೆ ಓಡಾಡುತ್ತಿದ್ದವು.

ಮೂರೂ ಸಿಲಿಂಡರುಗಳು ಹಾಜರಿದ್ದವು.

"ಅಮ್ಮಾ, ಇಂಜಿನ್ ಗಟ್ಟಿ ಇದೆ" ಎಂದರು ಬಾಷಾ ಸಾಹೇಬರು. "ಕೆಟ್ಟಾಗ ನೋಡ್ಬೇಕು ನಾನು. ಡಾಕ್ಟರ್ ಹತ್ರ ಬಂದಾಗ ಜ್ವರ ಇಲ್ಲ ಅಂದ್ರೆ ಏನ್ ಮದ್ದು ಕೊಡ್ಲಿ?"

ಆದ್ದರಿಂದ ಮಾರನೆಯ ದಿನ ಬೆಳಿಗ್ಗೆ ಮೆರವಣಿಗೆ ಹೊರಟಿತು. ಡೀಸೆಲ್ ಪೂರ್ತಿ ತುಂಬಿಸಿ, ಟ್ಯಾಂಕರ್ ಕಟ್ಟಿ, ಶರಣಪ್ಪ ಓಡಿಸುತ್ತಿದ್ದ. ಮಡ್‌ಗಾರ್ಡ್ ಮೇಲೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನೋಟ್‌ಬುಕ್ ಹಿಡಿದು ನಾನು. ಹಿಂದೆ ಸ್ಕೂಟರಿನಲ್ಲಿ ಬಾಷಾ ಸಾಹೇಬರು. ರಾಮಮೂರ್ತಿ ನಗರದ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನ ಗಾಜು ಇಳಿಯಿತು. "ಮಿಸ್, ನೀವಾ?" ಎಂದು ಗಡ್ಡದ ಒಬ್ಬ ಗಂಡಸು ಕೇಳಿದ. ಯಾವ ವರ್ಷದವನೋ. "ಹೂಂ ಕಣಪ್ಪ, ಪ್ರಾಕ್ಟಿಕಲ್ಸು" ಎಂದೆ. ಅವನು ಹಸಿರು ದೀಪ ಬಂದರೂ ನೋಡುತ್ತಲೇ ಇದ್ದ.

ರೈಲ್ವೆ ಅಂಡರ್‌ಪಾಸಿನ ಏರು ಹತ್ತುವಾಗ ಇಂಜಿನ್ನು ತೊದಲಿತು. ಮಡ್‌ಗಾರ್ಡ್ ನನ್ನ ಹಲ್ಲುಗಳನ್ನೆಲ್ಲ ಅಲ್ಲಾಡಿಸಿತು. ಅಕ್ಕಿ ತೊಳೆದ ನೀರಿನ ಹೊಗೆ. ಗಂಟೆ ನೋಡಿದೆ, ಇಪ್ಪತ್ತೆರಡು ನಿಮಿಷ. ಶರಣಪ್ಪ ಹೇಗೋ ಏರು ಮುಗಿಸಿ ಪಕ್ಕಕ್ಕೆ ನಿಲ್ಲಿಸಿದ. ಬಾಷಾ ಸಾಹೇಬರು ಓಡುತ್ತಿದ್ದ ಇಂಜಿನ್ನಿನ ಮೇಲೆ ಬಗ್ಗಿ ಮತ್ತೆ ಮೂರು ನಟ್ಟುಗಳನ್ನೂ ಸಡಿಲಿಸಿ ನೋಡಿದರು. ಒಮ್ಮೆ ಮೊದಲನೆಯದು ಗೈರು, ಇನ್ನೊಮ್ಮೆ ಮೂರನೆಯದು.

"ಒಬ್ಬನೇ ತಪ್ಪಿಸ್ಕೊಂಡ್ರೆ ಅವನದ್ದೇ ತಪ್ಪು" ಎಂದರು. "ಸರದಿ ಮೇಲೆ ಎಲ್ರೂ ತಪ್ಪಿಸ್ಕೊಳ್ತಾ ಇದ್ರೆ, ಊಟ ಹಾಕೋ ಕಡೆ ಏನೋ ಆಗಿದೆ. ಮುಚ್ಚಳ ತೆಗಿಯಪ್ಪ."

ಶರಣಪ್ಪ ಮುಚ್ಚಳ ತಿರುಗಿಸಿದ. ಆ ಗಲಾಟೆಯಲ್ಲೂ ನಮಗೆ ಮೂವರಿಗೂ ಕೇಳಿಸಿತು: ಹುಸ್ಸೆಂದು ಟ್ಯಾಂಕು ಒಳಕ್ಕೆ ಉಸಿರೆಳೆದುಕೊಂಡಿತು. ಅರ್ಧ ನಿಮಿಷದಲ್ಲಿ ಇಂಜಿನ್ನು ತಾನಾಗಿಯೇ ಸಮಕ್ಕೆ ಬಂತು.

ಬಾಷಾ ಸಾಹೇಬರು ಟ್ಯಾಂಕಿನ ಬಾಯಿಯ ಮೇಲಿಂದ ಒಂದು ತೆಳುವಾದ ಪ್ಲಾಸ್ಟಿಕ್ಕನ್ನು ಎತ್ತಿ ಹಿಡಿದರು. ದುಂಡಗೆ ಕತ್ತರಿಸಿದ ಹಾಲಿನ ಕವರು.

ಈ ಮಾತನ್ನು ಇಲ್ಲಿಯವರೆಗೆ ಹೇಳದೆ ಇದ್ದದ್ದು ಬಚ್ಚಿಡಬೇಕೆಂದಲ್ಲ. ಆ ಗಳಿಗೆಯವರೆಗೆ ನನಗೇ ಅದು ಮರೆತು ಹೋಗಿತ್ತು. ಮಳೆಗಾಲದ ಶುರುವಿನಲ್ಲಿ ಶೆಡ್ಡಿನ ಶೀಟು ಸೋರಿ, ಹಳೆಯ ಮುಚ್ಚಳದ ಸಂದಿಯಿಂದ ಡೀಸೆಲ್ಲಿಗೆ ನೀರು ಇಳಿದೀತೆಂದು ಆ ಕವರನ್ನು ತೊಳೆದು, ಅಳತೆಗೆ ಕತ್ತರಿಸಿ, ಟ್ಯಾಂಕಿನ ಬಾಯಿಗೆ ಹಾಸಿ ಮೇಲೆ ಮುಚ್ಚಳ ಬಿಗಿಸಿದವಳು ನಾನೇ. ಮುಚ್ಚಳದಲ್ಲಿ ಗಾಳಿಯಾಡಲೆಂದೇ ಇದ್ದ ಸಣ್ಣ ತೂತು ಅದರಿಂದ ಮುಚ್ಚಿಹೋಗಿತ್ತು. ಡೀಸೆಲ್ ಖರ್ಚಾದ ಜಾಗಕ್ಕೆ ಗಾಳಿ ಬರದಿದ್ದರೆ ಒಳಗೆ ನಿರ್ವಾತ. ಡೀಸೆಲ್ ಕೆಳಗಿಳಿಯದು, ಹಳೆಯ ಪೈಪುಗಳ ಸಂದಿಯಿಂದ ಗಾಳಿ ನುಸುಳುವುದು. ಟ್ಯಾಂಕು ತುಂಬಿದ್ದಷ್ಟೂ ಮೇಲೆ ಗಾಳಿ ಕಡಿಮೆ, ಕೆಡುವುದೂ ಬೇಗ. ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಮಾಡಬೇಕು ಎಂದು ಏಳನೆಯ ತರಗತಿಯ ಮಕ್ಕಳಿಗೆ ನಾನು ಡಬ್ಬ ಹಿಡಿದುಕೊಂಡೇ ತೋರಿಸಿದ್ದೇನೆ. ಸ್ಟೇಷನ್ ರಸ್ತೆಯ ಮೆಕ್ಯಾನಿಕ್ ಬಂದಾಗಲೆಲ್ಲ ಡೀಸೆಲ್ ನೋಡಲೆಂದು ಮುಚ್ಚಳ ತೆಗೆಸಿದ್ದ, ಆಗ ಒಳಗೆ ಗಾಳಿ ಹೋಗಿತ್ತು, ಇಂಜಿನ್ನು ಸರಿಯಾಗಿತ್ತು, ತನ್ನ ಕೈಗುಣವೆಂದು ಅವನು ನಂಬಿದ್ದ. ಮುಚ್ಚಳದ ಜೊತೆಗೆ ಕವರನ್ನೂ ತೆಗೆದು ಹಾಕುವ ಕೆಲಸ ಯಾವಾಗಲೂ ಶರಣಪ್ಪನದು, ಹಾಗಾಗಿ ಅದು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಇದು ಯಾರ ಬುದ್ಧಿ?" ಎಂದರು ಬಾಷಾ ಸಾಹೇಬರು.

ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಶರಣಪ್ಪ, "ನಂದೇರಿ. ಮಳಿ ನೀರು ಬೀಳ್ತದಂತ ಹಾಕಿದ್ದೆ" ಎಂದ. ರಸ್ತೆಯ ಕಡೆ ನೋಡುತ್ತಿದ್ದ.

ಬಾಷಾ ಸಾಹೇಬರು ನಕ್ಕು ಅವನ ಬೆನ್ನು ತಟ್ಟಿದರು. ನಾನು ತೆರೆದ ಬಾಯಿಯನ್ನು ಮುಚ್ಚಿದೆ. ಇಷ್ಟನ್ನು ನಿಮ್ಮ ಮುಂದೆ ಹೇಳಲು ನನಗೆ ಈಗಲೂ ಕಷ್ಟವಾಗುತ್ತದೆ. ಗುಡುಗುತ್ತಿದ್ದ ಇಂಜಿನ್ನಿನ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತು, ನಾನು ಹಾಗೆಯೇ ಮನೆಗೆ ಬಂದೆ.

ಸಂಜೆ ಮುನಿರಾಜುವಿಗೆ ಸುದ್ದಿ ಮುಟ್ಟಿತ್ತು. ಮೆಟ್ಟಿಲ ಬಳಿಯೇ ನನ್ನನ್ನು ನಿಲ್ಲಿಸಿದ. "ನೋಡ್ದಾ ಅಕ್ಕ? ಕಳ್ಳತನ ಇಲ್ಲ ಅಂದ್ರೂ ದಡ್ಡತನ ಅಂತೂ ಇದೆ. ಇವತ್ತು ಪ್ಲಾಸ್ಟಿಕ್ ಹಾಕ್ದ, ನಾಳೆ ಇನ್ನೇನ್ ಹಾಕ್ತಾನೋ. ತಿಂಗಳ ಕೊನೆಗೆ ಕಳಿಸ್ಬಿಡೋಣ."

"ಅದನ್ನ ಹಾಕಿದ್ದು ನಾನು ಕಣೋ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ, ಕವರು, ಕತ್ತರಿ, ಸೋರುವ ಶೀಟು ಎಲ್ಲ ಬಿಡಿಸಿ ಹೇಳಿದೆ. ಅವನು ಮೊದಲು ನಗಲು ಹೊರಟ. ನನ್ನ ಮುಖ ನೋಡಿ ನಿಲ್ಲಿಸಿದ. ಆಮೇಲೆ ತಾನು ಒಂದು ವಾರ ಡೀಸೆಲ್ ಮೂಸಿದ್ದು ಅವನಿಗೆ ನೆನಪಾಗಿರಬೇಕು, ಮೂಗನ್ನು ಒಮ್ಮೆ ಉಜ್ಜಿಕೊಂಡ. "ಮತ್ತೆ ಅವನ್ಯಾಕೆ ತಾನೇ ಹಾಕಿದ್ದು ಅಂತ ಹೇಳ್ದ?" ಎಂದು ಕೇಳಿದ. ನನಗೂ ಅದೇ ತಿಳಿಯಬೇಕಿತ್ತು.

ಇಬ್ಬರೂ ಮೂರನೆಯ ಸಾಲಿಗೆ ಹೋದೆವು. ಮುನಿರಾಜು ಅಲ್ಲಿಯವರೆಗೆ ಯಾವತ್ತೂ ಆ ಮನೆಯ ಹೊಸ್ತಿಲ ಬಳಿ ಹೋದವನಲ್ಲ. ಮಾದೇವಿ ಗಾಬರಿಯಾಗಿ ಒಲೆಯ ಮುಂದಿನಿಂದ ಎದ್ದಳು. ರೊಟ್ಟಿ ಬಡಿಯುತ್ತಿದ್ದ ಕೈಯಲ್ಲಿ ಜೋಳದ ಹಿಟ್ಟು. ಶರಣಪ್ಪ ಅಂಗಿ ಹಾಕಿಕೊಳ್ಳುತ್ತ ಹೊರಗೆ ಬಂದ.

"ಯಾಕಪ್ಪ ಹಾಗೆ ಹೇಳಿದೆ?" ಎಂದೆ.

"ನೀವು ಅಕ್ಕೋರು ಇದ್ದೀರಿ. ರಸ್ತಾದಾಗ ನಿಂತು ನೀವು ತಪ್ಪು ಒಪ್ಕೊಳ್ಳೋದು ನನಗ ಸರಿ ಕಾಣ್ಸಲಿಲ್ರಿ. ನನ್ನ ಮ್ಯಾಗ ಹ್ಯಾಂಗೂ ಅನುಮಾನ ಇತ್ತು. ಸಾವ್ಕಾರ್ರು ದಿನಾ ಬಂದು ಮೂಸಿ ನೋಡ್ತಿದ್ರಲ್ರಿ, ನನಗ ತಿಳೀತಿತ್ತು."

ಮುನಿರಾಜು ಚರಂಡಿಯ ಕಡೆ ನೋಡಿದ.

"ಅದು ನಾನು ಹಾಕಿದ್ದು ಅಂತ ನಿನಗೆ ಗೊತ್ತಿತ್ತಲ್ಲ. ಇಷ್ಟು ದಿನ ಯಾಕೆ ಕೇಳಲಿಲ್ಲ?"

"ನೀವು ಹಾಕ್ಲಿಕತ್ತಾಗ ನೋಡಿದ್ದೆರಿ. ಡೀಸಲ್ ಹಾಕ್ಸಿದಾಗೆಲ್ಲ ಒರಸಿ ಮತ್ತ ಹಂಗ ಇಡ್ತಿದ್ದೆ. ಮೊದಲ ವಾರದಾಗೇ ಒಂದ್ಸಲ ಅನಿಸ್ತ್ರಿ, ಇದೇ ಏನರ ಮಾಡ್ತದೇನೋ ಅಂತ. ಅಕ್ಕೋರು ಹಾಕ್ಯಾರಂದ್ರ ಅದರಾಗ ಏನೋ ಅದ, ನನಗೇನ್ ತಿಳೀತದ ಅಂತ ಸುಮ್ಮನಾದೆ."

ಅವನಿಗೆ ಅನಿಸಿತ್ತು. ಮೊದಲ ವಾರದಲ್ಲೇ ಅನಿಸಿತ್ತು. ನಾನು ದಿನವೂ ಗೇಟಿನಲ್ಲಿ ನಿಂತು ಅವನನ್ನು ಹತ್ತಾರು ಪ್ರಶ್ನೆ ಕೇಳಿದ್ದೆ. "ನಿನಗೇನು ಅನಿಸುತ್ತದೆ?" ಎಂಬ ಒಂದನ್ನು ಬಿಟ್ಟು. ತಪ್ಪಾಯಿತು ಎಂದೆ. ಅವನು ಬಾಗಿಲ ಚೌಕಟ್ಟು ಹಿಡಿದು ತಲೆ ತಗ್ಗಿಸಿದ. ಅವನಿಗೆ ನನಗಿಂತ ಹೆಚ್ಚು ಸಂಕೋಚವಾಗುತ್ತಿತ್ತು.

ಮುನಿರಾಜುವಿಗೆ ತಪ್ಪಾಯಿತು ಎನ್ನುವ ಅಭ್ಯಾಸ ಇಲ್ಲ. "ಆ ಹಳೇ ಮುಚ್ಚಳ ಎಸಿಬೇಕು. ನಾಳೆ ಶಿವಾಜಿನಗರಕ್ಕೆ ಹೋಗೋಣ, ನೀನೂ ಬಾ ಶರಣಪ್ಪ. ಯಾವುದು ಕೂರುತ್ತೆ ಅಂತ ನಿನಗೇ ಗೊತ್ತಿರೋದು" ಎಂದ. ಮಾದೇವಿ ಒಂದು ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದಳು. ಅವನು ಹೊಸ್ತಿಲ ಮೇಲೇ ಕೂತು, ಬೇಡ ಎನ್ನದೆ ತಿಂದ.

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಬೈಕಿನಲ್ಲಿ ವಾಪಸ್ ಬಂದರು. ಶರಣಪ್ಪ ಮಹಡಿ ಹತ್ತಿ ಬಂದು, ಪೇಪರಿನಲ್ಲಿ ಸುತ್ತಿದ್ದ ಹೊಸ ಮುಚ್ಚಳವನ್ನು ಬಿಚ್ಚಿ ನನ್ನ ಮುಂದೆ ಹಿಡಿದ. "ಅಕ್ಕೋರೇ, ತೂತು ಸರಿ ಅದ ಏನ್ ನೋಡ್ರಿ."

ನಾನು ಕೈ ಚಾಚಿದೆ. ಆಮೇಲೆ ಹಿಂದಕ್ಕೆ ತೆಗೆದುಕೊಂಡೆ. "ನೀನೇ ನೋಡಿ ಹೇಳು" ಎಂದೆ.

ಅವನು ಅನುಮಾನಿಸುತ್ತ ಮುಚ್ಚಳವನ್ನು ತುಟಿಗೆ ಹಿಡಿದು ಊದಿದ. ಆ ಕಡೆ ಅಂಗೈ ಅಡ್ಡ ಇಟ್ಟು ಇನ್ನೊಮ್ಮೆ ಊದಿದ.

"ಗಾಳಿ ಬರ್ತದ್ರಿ" ಎಂದ. "ಆದ್ರ ಶೆಡ್ಡಿನ ಶೀಟು ಸೋರ್ತದಲ್ರಿ, ಮೊದಲು ಅದನ್ನ ಸರಿ ಮಾಡ್ಸಬೇಕು."